ಹಳ್ಳಿ ಡಾಕ್ಟರ ಲೆಕ್ಕ ಬೇರೆ

“ನೀವು ಸ್ಪೆಷಲಿಸ್ಟಾ, ಇಲ್ಲ ಸುಮ್ನೆ ಡಾಕ್ಟರಾ?”

ಫ್ಯಾಮಿಲಿ ಡಾಕ್ಟರುಗಳಿಗೆ ಈ ಪ್ರಶ್ನೆ ಹೊಸದಲ್ಲ. ಅದರಲ್ಲೂ ಅವರು ಹಳ್ಳಿಯಲ್ಲಿದ್ದರೆ ಕೇಳುವವರ ದನಿಯಲ್ಲಿ ಸ್ವಲ್ಪ ಕನಿಕರವೂ ಸೇರಿಕೊಳ್ಳುತ್ತದೆ. ಪಾಪ, ಮುಂದೆ ಓದಲು ಆಗಲಿಲ್ಲವೇನೋ ಅನ್ನುವ ಧಾಟಿ. ನೆಗಡಿ ಜ್ವರ ನೋಡುವುದು, ಗಾಯಕ್ಕೆ ಹೊಲಿಗೆ ಹಾಕುವುದು, ದೊಡ್ಡದೇನಾದರೂ ಕಂಡರೆ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಡುವುದು. ಅಷ್ಟೇ ಅಲ್ವಾ?

ಅಷ್ಟೇ ಅಲ್ಲ. ದೊಡ್ಡಾಸ್ಪತ್ರೆಯ ವೈದ್ಯವನ್ನೇ ಸಣ್ಣದು ಮಾಡಿದರೆ ಹಳ್ಳಿಯ ವೈದ್ಯ ಆಗುವುದಿಲ್ಲ. ಇಲ್ಲಿನ ಲೆಕ್ಕವೇ ಬೇರೆ. ಲೆಕ್ಕ ಅನ್ನುವ ಮಾತನ್ನು ನಾನು ಸುಮ್ಮನೆ ಬಳಸುತ್ತಿಲ್ಲ, ನಿಜವಾದ ಕೂಡು-ಕಳೆಯುವ ಲೆಕ್ಕವನ್ನೇ ಹೇಳುತ್ತಿದ್ದೇನೆ. ಅದು ಅರ್ಥವಾದರೆ ಈ ಕಸುಬಿನ ಉಳಿದ ಕಷ್ಟಸುಖಗಳೂ ಅರ್ಥವಾಗುತ್ತವೆ.

1961ರಲ್ಲಿ ಕೆರ್ ವೈಟ್ ಎಂಬ ವೈದ್ಯರು ಇಬ್ಬರು ಜೊತೆಗಾರರೊಂದಿಗೆ ಅಮೆರಿಕದಲ್ಲಿ ಒಂದು ಸಣ್ಣ ಲೇಖನ ಪ್ರಕಟಿಸಿದರು. ಅಮೆರಿಕ ಮತ್ತು ಬ್ರಿಟನ್ನಿನ ಸಮೀಕ್ಷೆಗಳನ್ನು ಮುಂದಿಟ್ಟುಕೊಂಡು ಅವರು ಕೇಳಿದ ಪ್ರಶ್ನೆ ಸರಳವಾಗಿತ್ತು. 1000 ವಯಸ್ಕರನ್ನು ಒಂದು ತಿಂಗಳು ಗಮನಿಸಿದರೆ ಎಷ್ಟು ಜನಕ್ಕೆ ಏನಾಗುತ್ತದೆ? ಸುಮಾರು 750 ಜನಕ್ಕೆ ಏನಾದರೊಂದು ಕಾಯಿಲೆಯೋ ಪೆಟ್ಟೋ ಆಗಿರುತ್ತದೆ. ಅವರಲ್ಲಿ 250 ಜನ ಡಾಕ್ಟರ ಹತ್ತಿರ ಹೋಗುತ್ತಾರೆ. ಆಸ್ಪತ್ರೆಗೆ ಸೇರುವವರು 9 ಜನ. ಒಬ್ಬ ಡಾಕ್ಟರಿಂದ ಇನ್ನೊಬ್ಬರ ಹತ್ತಿರ ಹೋಗುವವರು 5 ಜನ. ಮೆಡಿಕಲ್ ಕಾಲೇಜಿನ ದೊಡ್ಡಾಸ್ಪತ್ರೆ ತಲುಪುವವರು ಒಬ್ಬರು.

ಒಬ್ಬರೇ ಒಬ್ಬರು! ಆದರೆ ವೈದ್ಯಕೀಯ ವಿದ್ಯಾರ್ಥಿಗಳು ವರ್ಷಗಟ್ಟಲೆ ಪಾಠ ಕಲಿಯುವುದು ಆ ಒಬ್ಬರಂಥವರ ಹಾಸಿಗೆ ಪಕ್ಕ ನಿಂತು. ಉಳಿದ 249 ಜನರನ್ನು ನೋಡುವುದು ಹೇಗೆ ಅನ್ನುವುದು ಅಲ್ಲಿ ಕಣ್ಣಿಗೇ ಬೀಳುವುದಿಲ್ಲ. ಹೊಸ ಡಾಕ್ಟರು ಹಳ್ಳಿಗೆ ಬಂದು ಕುರ್ಚಿಯಲ್ಲಿ ಕೂತ ದಿನ ಬಾಗಿಲಲ್ಲಿ ನಿಂತಿರುವವರು ಆ 249 ಜನ.

ಒಂದೇ ಪರೀಕ್ಷೆ, ಎರಡು ಉತ್ತರ

ಈಗ ಎರಡನೇ ಲೆಕ್ಕ. ಸ್ವಲ್ಪ ತಾಳ್ಮೆ ಬೇಕು, ಆದರೆ ಇದು ಇಡೀ ವಿಷಯದ ಬೇರು.

ಒಂದು ಪರೀಕ್ಷೆ ಇದೆ ಅಂದುಕೊಳ್ಳಿ. ಕಾಯಿಲೆ ಇರುವ 100 ಜನರಲ್ಲಿ 90 ಜನರನ್ನು ಅದು ಸರಿಯಾಗಿ ಹಿಡಿಯುತ್ತದೆ. ಕಾಯಿಲೆ ಇಲ್ಲದ 100 ಜನರಲ್ಲಿ 90 ಜನಕ್ಕೆ “ಇಲ್ಲ” ಎಂದೇ ಹೇಳುತ್ತದೆ, ಉಳಿದ 10 ಜನಕ್ಕೆ ಸುಳ್ಳು ಸುಳ್ಳೇ “ಇದೆ” ಅನ್ನುತ್ತದೆ. ಒಳ್ಳೆಯ ಪರೀಕ್ಷೆಯೇ ಸರಿ.

ಇದನ್ನು ದೊಡ್ಡಾಸ್ಪತ್ರೆಯಲ್ಲಿ 1000 ಜನಕ್ಕೆ ಮಾಡೋಣ. ಅಲ್ಲಿಗೆ ಬರುವವರು ಆಗಲೇ ಒಂದೆರಡು ಜರಡಿ ದಾಟಿ ಬಂದವರು. ಅವರಲ್ಲಿ ಅರ್ಧದಷ್ಟು, ಅಂದರೆ 500 ಜನಕ್ಕೆ ಆ ಕಾಯಿಲೆ ಇದೆ ಅನ್ನೋಣ. ಪರೀಕ್ಷೆ 450 ನಿಜವಾದ ರೋಗಿಗಳನ್ನು ಹಿಡಿಯುತ್ತದೆ, 50 ಜನಕ್ಕೆ ತಪ್ಪಾಗಿ “ಇದೆ” ಅನ್ನುತ್ತದೆ. “ಇದೆ” ಅನ್ನಿಸಿಕೊಂಡ ಹತ್ತರಲ್ಲಿ ಒಂಬತ್ತು ಜನಕ್ಕೆ ನಿಜವಾಗಿಯೂ ಕಾಯಿಲೆ ಇದೆ. ಡಾಕ್ಟರು ರಿಪೋರ್ಟನ್ನು ಬಹುಮಟ್ಟಿಗೆ ನಂಬಬಹುದು.

ಅದೇ ಯಂತ್ರವನ್ನು ಹಳ್ಳಿಗೆ ತನ್ನಿ. ಇಲ್ಲಿ ಅದೇ ತೊಂದರೆ ಹೇಳಿಕೊಂಡು ಬರುವ 1000 ಜನರಲ್ಲಿ ಆ ಕಾಯಿಲೆ ಇರುವವರು 10 ಜನ. ಪರೀಕ್ಷೆ ಅವರಲ್ಲಿ 9 ಜನರನ್ನು ಹಿಡಿಯುತ್ತದೆ. ಕಾಯಿಲೆಯೇ ಇಲ್ಲದ 990 ಜನರಲ್ಲಿ 99 ಜನಕ್ಕೆ ಸುಳ್ಳು “ಇದೆ” ಬರುತ್ತದೆ. ಒಟ್ಟು 108 ಜನರ ಕೈಯಲ್ಲಿ “ಇದೆ” ಎಂಬ ಕಾಗದ, ನಿಜವಾದ ರೋಗಿಗಳು ಬರೀ 9. ಹನ್ನೆರಡಕ್ಕೆ ಒಂದು. ಯಂತ್ರ ಬದಲಾಗಿಲ್ಲ, ಕೆಟ್ಟೂ ಇಲ್ಲ. ಎದುರಿಗೆ ಕೂತ ಜನ ಬದಲಾದರು, ಅಷ್ಟೇ.

ಆ 99 ಜನರ ಗತಿ ಏನು? ಇನ್ನೊಂದು ಪರೀಕ್ಷೆ, ಮತ್ತೊಂದು ಸ್ಕ್ಯಾನು, ದೂರದ ಪ್ರಯಾಣ, ಕೆಲಸಕ್ಕೆ ರಜೆ, ನಿದ್ದೆಯಿಲ್ಲದ ರಾತ್ರಿಗಳು. ಹಾಗಾಗಿಯೇ ಅನುಭವಿ ಹಳ್ಳಿ ಡಾಕ್ಟರು “ಎಲ್ಲಾ ಟೆಸ್ಟೂ ಮಾಡಿಸಿಬಿಡಿ” ಅನ್ನುವುದಿಲ್ಲ. ಜಿಪುಣತನ ಅಂತ ಕೆಲವರು ಅಂದುಕೊಳ್ಳುತ್ತಾರೆ. ಅದು ಗಣಿತ.

ಆದರೆ ಇದೇ ಲೆಕ್ಕದೊಳಗೆ ಒಂದು ಗುಂಡಿಯೂ ಇದೆ. ಬಂದ ಸಾವಿರ ಜನಕ್ಕೂ “ಏನಿಲ್ಲ, ಗ್ಯಾಸ್ಟ್ರಿಕ್ಕು” ಅಂತ ಹೇಳಿ ಕಳಿಸುವ ಡಾಕ್ಟರು 990 ಸಲ ಸರಿಯಾಗಿಯೇ ಹೇಳಿರುತ್ತಾರೆ. ನೂರಕ್ಕೆ 99 ಅಂಕ! ಊರಲ್ಲಿ ಒಳ್ಳೆ ಹೆಸರೂ ಬರುತ್ತದೆ. ಉಳಿದ ಹತ್ತು ಜನರ ಮನೆಯವರನ್ನು ಮಾತ್ರ ಆ ಹೆಸರಿನ ಬಗ್ಗೆ ಕೇಳಬಾರದು. ಫ್ಯಾಮಿಲಿ ಡಾಕ್ಟರ ಇಡೀ ವಿದ್ಯೆ ಇರುವುದು ಆ ಹತ್ತು ಜನರನ್ನು ಹುಡುಕುವುದರಲ್ಲಿ, ಅದೂ 990 ಜನರನ್ನು ಹೆದರಿಸದೆ, ಅಲೆದಾಡಿಸದೆ.

ಹೊಟ್ಟೆನೋವಿನ ಹುಡುಗ

ಹೇಗೆ ಹುಡುಕುತ್ತಾರೆ ಅಂತ ಒಂದು ಸಂಜೆ ಪಕ್ಕದಲ್ಲಿ ಕೂತು ನೋಡೋಣ.

ಒಂಬತ್ತು ವರ್ಷದ ಹುಡುಗ. ಮಧ್ಯಾಹ್ನದಿಂದ ಹೊಟ್ಟೆನೋವು. ಎಲ್ಲಿ ಅಂದರೆ ಹೊಕ್ಕುಳದ ಸುತ್ತ ಅಂಗೈ ಆಡಿಸುತ್ತಾನೆ. ಒಂದು ಸಲ ವಾಂತಿ ಆಗಿದೆ. ಜ್ವರ ಇಲ್ಲ. ಮಕ್ಕಳ ಹೊಟ್ಟೆನೋವಿಗೆ ನೂರು ಕಾರಣ, ಹೆಚ್ಚಿನವು ತಾವಾಗಿಯೇ ಹೋಗುತ್ತವೆ. ಅವುಗಳ ನಡುವೆ ಒಂದು ಅಪೆಂಡಿಸೈಟಿಸ್, ಅಂದರೆ ಕರುಳಿಗೆ ಅಂಟಿದ ಸಣ್ಣ ಬಾಲದಂಥ ಅಪೆಂಡಿಕ್ಸ್‌ನ ಊತ, ಅಡಗಿ ಕೂತಿರಬಹುದು.

ಪುಸ್ತಕದ ಅಪೆಂಡಿಸೈಟಿಸ್‌ನಲ್ಲಿ ನೋವು ಬಲಗಡೆ ಕೆಳಹೊಟ್ಟೆಯಲ್ಲಿ, ಬೆರಳಿಟ್ಟು ತೋರಿಸುವ ಹಾಗೆ ಇರುತ್ತದೆ. ಆದರೆ ಅದು ನಾಟಕದ ಎರಡನೇ ಅಂಕ. ಶುರುವಿನಲ್ಲಿ ಅಪೆಂಡಿಕ್ಸ್‌ನ ನರಗಳು ಸುದ್ದಿಯನ್ನು ಮಸುಕಾಗಿ ಕಳಿಸುತ್ತವೆ. ಎಲ್ಲೋ ಹೊಕ್ಕುಳದ ಹತ್ತಿರ ನೋವು ಅಂತ ಮಾತ್ರ ಗೊತ್ತಾಗುತ್ತದೆ. ಕೆಲವು ಗಂಟೆ ಕಳೆದು, ಊತ ಹೊಟ್ಟೆಯ ಒಳಗೋಡೆಯ ಪೊರೆಗೆ ತಾಗಿದ ಮೇಲೆ ನೋವು ಕೆಳಗಿಳಿದು ಒಂದೇ ಜಾಗದಲ್ಲಿ ನಿಲ್ಲುತ್ತದೆ. ಸರ್ಜನ್ ನೋಡುವುದು ಸಾಮಾನ್ಯವಾಗಿ ಆ ಹೊತ್ತಿನ ಹೊಟ್ಟೆಯನ್ನು. ಹಳ್ಳಿ ಡಾಕ್ಟರು ನೋಡುವುದು ಮೊದಲ ಅಂಕವನ್ನು, ಕಥೆ ಯಾವ ಕಡೆ ಹೋಗುತ್ತದೆ ಅಂತ ಯಾರಿಗೂ ಗೊತ್ತಿಲ್ಲದಾಗ. (ಎಲ್ಲ ಅಪೆಂಡಿಕ್ಸ್‌ಗಳೂ ಪುಸ್ತಕ ಓದಿರುವುದಿಲ್ಲ ಅನ್ನುವುದು ಬೇರೆ ಮಾತು.)

ಡಾಕ್ಟರು ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ತಣ್ಣನೆ ಕೈ ತಾಗಿದರೆ ಮಗು ಹೊಟ್ಟೆ ಬಿಗಿ ಹಿಡಿಯುತ್ತದೆ, ಆಗ ಏನೂ ಗೊತ್ತಾಗುವುದಿಲ್ಲ. ನೋವಿಲ್ಲದ ಎಡಗಡೆಯಿಂದ ಶುರು ಮಾಡುತ್ತಾರೆ. ಬೆರಳು ಹೊಟ್ಟೆಯ ಮೇಲೆ, ಕಣ್ಣು ಮಾತ್ರ ಹುಡುಗನ ಮುಖದ ಮೇಲೆ. ಹುಬ್ಬು ಗಂಟಿಕ್ಕಿತೇ? ಆಮೇಲೆ, “ಎಲ್ಲಿ, ಕೆಳಗಿಳಿದು ಒಂಟಿಕಾಲಲ್ಲಿ ಒಂದು ಸಲ ಕುಪ್ಪಳಿಸು ನೋಡೋಣ.” ಒಳಪೊರೆ ಕೆರಳಿದ್ದರೆ ಕುಪ್ಪಳಿಸಿದಾಗ ನೋವು ಚುಚ್ಚುತ್ತದೆ, ಕೆಲವು ಮಕ್ಕಳು ಕಾಲೆತ್ತಲೂ ಒಪ್ಪುವುದಿಲ್ಲ. ಈ ಹುಡುಗ ಕುಪ್ಪಳಿಸಿದ. ಎರಡು ಸಲ.

ಈಗ ಡಾಕ್ಟರ ಕೈಯಲ್ಲಿರುವ ಅತಿ ಒಳ್ಳೆಯ ಪರೀಕ್ಷೆ ಯಾವುದು ಗೊತ್ತಾ? ಗಡಿಯಾರ. ಆರು ಗಂಟೆ ಬಿಟ್ಟು ಅದೇ ಕೈ ಅದೇ ಹೊಟ್ಟೆಯನ್ನು ಇನ್ನೊಂದು ಸಲ ಮುಟ್ಟಿದರೆ ಸಿಗುವ ಮಾಹಿತಿ ಈಗ ಮಾಡುವ ಬಹಳಷ್ಟು ಪರೀಕ್ಷೆಗಳಿಂದ ಸಿಗುವುದಿಲ್ಲ. ಇದಕ್ಕೆ “ಕಾದು ನೋಡುವುದು” ಅನ್ನುತ್ತಾರೆ. ಹೊರಗಿನವರಿಗೆ ಇದು ಏನೂ ಮಾಡದೆ ಕೂತಂತೆ ಕಾಣುತ್ತದೆ. ಆದರೆ ಬರೀ “ನೋಡೋಣ, ಹೋಗಿ ಬನ್ನಿ” ಅಂದರೆ ಅದು ಕಾದು ನೋಡುವುದಲ್ಲ, ಕೈ ತೊಳೆದುಕೊಳ್ಳುವುದು. ಬಲ್ಲವರು ತಾಯಿಗೆ ಹೀಗೆ ಹೇಳುತ್ತಾರೆ: “ನೋವು ಬಲಗಡೆ ಕೆಳಗೆ ಬಂದರೆ, ವಾಂತಿ ನಿಲ್ಲದಿದ್ದರೆ, ಜ್ವರ ಬಂದರೆ, ಬಗ್ಗಿಕೊಂಡು ನಡೆಯೋಕೆ ಶುರು ಮಾಡಿದರೆ, ಎಷ್ಟು ಹೊತ್ತಾದರೂ ಸರಿ, ಕರೆದುಕೊಂಡು ಬನ್ನಿ. ಏನೂ ಆಗದಿದ್ದರೂ ಬೆಳಿಗ್ಗೆ ಒಂದು ಸಲ ತೋರಿಸಿ.” ಈ ಮಾತಿಗೆ ವೈದ್ಯಕೀಯದಲ್ಲಿ ಸೇಫ್ಟಿ ನೆಟ್ಟಿಂಗ್ ಎಂಬ ಹೆಸರಿದೆ. ಏನಾದರೆ, ಯಾವಾಗ, ಎಲ್ಲಿಗೆ ಬರಬೇಕು ಅನ್ನುವುದು ಮೂರೂ ಅದರಲ್ಲಿ ಇರಬೇಕು.

ಈಗ ಒಂದೇ ಒಂದು ಸಂಗತಿ ಬದಲಾಯಿಸೋಣ. ಹುಡುಗನ ಮನೆ ಕ್ಲಿನಿಕ್ಕಿನಿಂದ ಹತ್ತು ನಿಮಿಷದ ದಾರಿಯಲ್ಲ, ಎರಡು ಗಂಟೆಯ ದಾರಿ. ರಾತ್ರಿ ಗಾಡಿ ಸಿಗುವುದಿಲ್ಲ. ಆಪರೇಷನ್ ಮಾಡುವ ಆಸ್ಪತ್ರೆ ಇನ್ನೂ ಮೂರು ಗಂಟೆ ಆಚೆ. ಅದೇ ಹುಡುಗ, ಅದೇ ಹೊಟ್ಟೆ, ಆದರೆ ಕಾದು ನೋಡಲು ಜಾಗವೇ ಇಲ್ಲ. ಇಂಥ ಕಡೆ ಡಾಕ್ಟರು ಅವನನ್ನು ಕ್ಲಿನಿಕ್ಕಿನಲ್ಲೇ ರಾತ್ರಿ ಮಲಗಿಸಿಕೊಳ್ಳುತ್ತಾರೆ, ಇಲ್ಲವೇ ಅನುಮಾನ ಸಣ್ಣದಿದ್ದರೂ ಬೆಳಕಿರುವಾಗಲೇ ಕಳಿಸುತ್ತಾರೆ. ಮರುದಿನ ದೊಡ್ಡಾಸ್ಪತ್ರೆಯ ಯುವ ಡಾಕ್ಟರು “ಏನೂ ಇಲ್ಲದವನನ್ನು ಯಾಕೆ ಕಳಿಸಿದರು?” ಅಂತ ಗೊಣಗಬಹುದು. ಅವರು ಹೊಟ್ಟೆ ನೋಡಿದ್ದಾರೆ, ರಸ್ತೆ ನೋಡಿಲ್ಲ.

ಹೊರಡುವಾಗ ಬರುವ ಮಾತು

ಪರೀಕ್ಷೆಗಳು ಇಷ್ಟು ಕೈಕೊಡುವ ಕಡೆ ಜಾಸ್ತಿ ಕೆಲಸ ಮಾಡುವುದು ಕಿವಿ. 1984ರಲ್ಲಿ ಹೊವಾರ್ಡ್ ಬೆಕ್ಮನ್ ಮತ್ತು ರಿಚರ್ಡ್ ಫ್ರಾಂಕೆಲ್ ಎಂಬುವರು ಅಮೆರಿಕದಲ್ಲಿ ಡಾಕ್ಟರು-ರೋಗಿಗಳ ಮಾತುಕತೆಯನ್ನು ಧ್ವನಿಮುದ್ರಿಸಿ ನೋಡಿದರು. ರೋಗಿ ಮಾತು ಶುರು ಮಾಡಿ ಸರಾಸರಿ 18 ಸೆಕೆಂಡಿಗೆ ಡಾಕ್ಟರು ಬಾಯಿ ಹಾಕಿರುತ್ತಿದ್ದರು. ಬಿಟ್ಟರೆ ಅರ್ಧ ಗಂಟೆ ಕೊರೆಯುತ್ತಾರೆ ಅನ್ನುವ ಭಯ ಇರಬೇಕು. ಆದರೆ 2002ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ 335 ರೋಗಿಗಳನ್ನು ಸುಮ್ಮನೆ ಮಾತಾಡಲು ಬಿಟ್ಟು ನೋಡಿದಾಗ ಅವರು ತಾವಾಗಿಯೇ ನಿಲ್ಲಿಸಿದ್ದು ಸರಾಸರಿ 92 ಸೆಕೆಂಡಿಗೆ. ಒಂದೂವರೆ ನಿಮಿಷ, ಅಷ್ಟೇ!

ಅಷ್ಟಾದರೂ ಅಸಲಿ ವಿಷಯ ಕೊನೆಗೇ ಬರುವುದುಂಟು. ಕೆಮ್ಮಿಗೆ ಔಷಧಿ ತಗೊಂಡು, ಎದ್ದು, ಚಪ್ಪಲಿ ಮೆಟ್ಟಿ, ಬಾಗಿಲ ಹತ್ತಿರ ನಿಂತು, “ಅಂದ ಹಾಗೆ ಡಾಕ್ಟ್ರೇ, ಒಂದು ಮಾತು...” ಎದೆಯಲ್ಲಿ ಗಂಟು, ಮೂತ್ರದಲ್ಲಿ ರಕ್ತ, ಮನೆಯಲ್ಲಿ ಹೊಡೆತ, ಸಾಯಬೇಕು ಅನ್ನಿಸುತ್ತಿದೆ. ಕೆಮ್ಮು ಬರೀ ನೆಪ. ಇವರ ಹತ್ತಿರ ಹೇಳಬಹುದಾ ಅಂತ ಇಷ್ಟು ಹೊತ್ತು ಅಳೆದು ನೋಡುತ್ತಿದ್ದರು. ಆ ಗಳಿಗೆಯಲ್ಲಿ ಮುಂದಿನವರನ್ನು ಕರೆದುಬಿಟ್ಟರೆ ಆ ಮಾತು ಇನ್ನೊಂದು ವರ್ಷ ಬರುವುದಿಲ್ಲ.

ಸಾವಿರದಲ್ಲಿ ಆ ಹತ್ತು ಜನ ಯಾರು ಅನ್ನುವುದಕ್ಕೆ ಇನ್ನೂ ಒಂದು ಸುಳಿವು ಇದೆ. ಗುರುತು. ಹತ್ತು ವರ್ಷದಲ್ಲಿ ಎರಡೇ ಸಲ ಕ್ಲಿನಿಕ್ಕಿಗೆ ಬಂದ ಮನುಷ್ಯ ಇವತ್ತು ಸುಸ್ತು ಅಂತ ಬಂದಿದ್ದಾನೆ ಅಂದರೆ, ಆ ಸುಸ್ತಿನ ತೂಕ ಬೇರೆ. ಇದನ್ನು ಯಾವ ಯಂತ್ರವೂ ತೋರಿಸುವುದಿಲ್ಲ. ಹಳಬರಿಗೆ ಗೊತ್ತಿದ್ದ ಈ ಸಂಗತಿಗೆ ಈಗ ಅಂಕಿಅಂಶವೂ ಸಿಕ್ಕಿದೆ. ನಾರ್ವೆಯಲ್ಲಿ ಪ್ರತಿಯೊಬ್ಬರ ಹೆಸರೂ ಒಬ್ಬ ಫ್ಯಾಮಿಲಿ ಡಾಕ್ಟರ ಪಟ್ಟಿಯಲ್ಲಿ ಇರುವ ವ್ಯವಸ್ಥೆ ಇದೆ. ಅಲ್ಲಿನ ಸುಮಾರು 45 ಲಕ್ಷ ಜನರ ದಾಖಲೆ ನೋಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬರೇ ಡಾಕ್ಟರ ಹತ್ತಿರ 15 ವರ್ಷಕ್ಕಿಂತ ಜಾಸ್ತಿ ಇದ್ದವರನ್ನು ಒಂದೇ ವರ್ಷದಿಂದ ಇದ್ದವರ ಜೊತೆ ಹೋಲಿಸಿದ್ದರು. ಹಳೆ ಗುರುತಿನವರಲ್ಲಿ ತುರ್ತಾಗಿ ಆಸ್ಪತ್ರೆ ಸೇರುವ ಸಾಧ್ಯತೆ ಸುಮಾರು 28% ಕಡಿಮೆ, ಸಾಯುವ ಸಾಧ್ಯತೆ ಸುಮಾರು 25% ಕಡಿಮೆ. ಇದಕ್ಕೆ ಗುರುತೊಂದೇ ಕಾರಣ ಅಂತ ಇಂಥ ಅಧ್ಯಯನದಿಂದ ಸಾಬೀತು ಮಾಡಲು ಆಗುವುದಿಲ್ಲ. ಆದರೂ ವರ್ಷ ಹೆಚ್ಚಿದ ಹಾಗೆ ಲಾಭವೂ ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚಿದೆ ಅನ್ನುವುದು ಸುಮ್ಮನೆ ತಳ್ಳಿಹಾಕುವ ಮಾತಲ್ಲ.

ಇಡೀ ಊರನ್ನೇ ನೋಡುವುದು

ಹಳ್ಳಿ ಡಾಕ್ಟರಿಗೆ ದೊಡ್ಡಾಸ್ಪತ್ರೆಯವರಿಗೆ ಇಲ್ಲದ ಒಂದು ಅನುಕೂಲ ಇದೆ. ಅವರಿಗೆ ರೋಗಿಗಳು ಮಾತ್ರವಲ್ಲ, ರೋಗಿಗಳಲ್ಲದವರೂ ಗೊತ್ತು. ಯಾರು ಯಾರ ಮನೆಗೆ ಹೋಗುತ್ತಾರೆ ಅನ್ನುವುದೂ ಗೊತ್ತು.

ಇದನ್ನು ಚೆನ್ನಾಗಿ ಬಳಸಿಕೊಂಡವರು ವಿಲಿಯಂ ಪಿಕಲ್ಸ್. ಇಂಗ್ಲೆಂಡಿನ ಯಾರ್ಕ್‌ಶೈರ್‌ನ ವೆನ್ಸ್‌ಲಿಡೇಲ್ ಕಣಿವೆಯ ಹಳ್ಳಿಗಳಲ್ಲಿ ಅವರು ಡಾಕ್ಟರಾಗಿದ್ದರು. 1929ರಲ್ಲಿ ಕಣಿವೆಗೆ ಕಾಮಾಲೆ ಬಂತು. ಸುಮಾರು 5,700 ಜನರಲ್ಲಿ 250 ಜನಕ್ಕೆ ತಗುಲಿತು. ಯಾರಿಂದ ಯಾರಿಗೆ ಹೋಯಿತು ಅಂತ ಪಿಕಲ್ಸ್ ಬೆನ್ನುಹತ್ತಿದರು. ಕಾಮಾಲೆಯಾಗಿ ಹಾಸಿಗೆ ಹಿಡಿದಿದ್ದ ಒಬ್ಬ ಹುಡುಗಿಯನ್ನು ಅವರು ಬೆಳಿಗ್ಗೆ ನೋಡಿ ಬಂದಿದ್ದರು. ಅವಳು ಏಳುತ್ತಾಳೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ. ಅವಳೋ ಅದೇ ದಿನ ಎದ್ದು ಹಳ್ಳಿಯ ಜಾತ್ರೆಗೆ ಹೋಗಿದ್ದಳು! ಪಟ್ಟಣದಲ್ಲಾದರೆ ಇದು ಯಾರಿಗೂ ತಿಳಿಯುವ ಸಂಗತಿಯಲ್ಲ. ಹಳ್ಳಿಯಲ್ಲಿ ಅವಳು ಯಾರ ಜೊತೆ ಸೇರಿದ್ದಳು, ಅವರಲ್ಲಿ ಯಾರು ಯಾವ ದಿನ ಮಲಗಿದರು, ಎಲ್ಲ ಸಿಕ್ಕಿತು. ಹೀಗೆ ತಾರೀಖುಗಳನ್ನು ಜೋಡಿಸಿ, ರೋಗ ತಗುಲಿದ ಮೇಲೆ ಕಾಣಿಸಿಕೊಳ್ಳಲು 26ರಿಂದ 35 ದಿನ ಬೇಕು ಅಂತ ಅವರು ತೋರಿಸಿದರು. ಈಗ ನಾವು ಹೆಪಟೈಟಿಸ್ ಎ ಅನ್ನುವ ರೋಗ ಅದು. ಪ್ರಯೋಗಾಲಯ ಇರಲಿಲ್ಲ, ಡೈರಿ ಇತ್ತು. 1952ರಲ್ಲಿ ಶುರುವಾದ ಬ್ರಿಟನ್ನಿನ ಜನರಲ್ ಪ್ರಾಕ್ಟೀಷನರುಗಳ ಕಾಲೇಜಿಗೆ ಮೊದಲ ಅಧ್ಯಕ್ಷರಾದವರೂ ಅವರೇ.

ಜೂಲಿಯನ್ ಟ್ಯೂಡರ್ ಹಾರ್ಟ್ ಅವರದು ಇನ್ನೊಂದು ದಾರಿ. ವೇಲ್ಸ್‌ನ ಗ್ಲಿನ್‌ಕೊರಗ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿ, ಸುಮಾರು 2000 ಜನ. ಬಿಪಿ ಜಾಸ್ತಿ ಇದ್ದರೂ ಸಾಮಾನ್ಯವಾಗಿ ಮೈಗೆ ಏನೂ ಗೊತ್ತಾಗುವುದಿಲ್ಲ, ಹಾಗಾಗಿ ಅದು ಇರುವವರು ಡಾಕ್ಟರ ಹತ್ತಿರ ಬರುವುದೇ ಇಲ್ಲ. ಬರುವವರನ್ನು ಕಾಯುತ್ತ ಕೂತರೆ ಲಕ್ವ ಹೊಡೆದ ಮೇಲೆಯೇ ನೋಡಬೇಕು. ಅವರು 1960ರ ದಶಕದ ಕೊನೆಯಲ್ಲಿ ಊರಿನ ವಯಸ್ಕರ ಪಟ್ಟಿ ಹಿಡಿದು ಒಬ್ಬೊಬ್ಬರದಾಗಿ ಬಿಪಿ ನೋಡಿದರು, ಬರದವರ ಬೆನ್ನು ಬಿಡಲಿಲ್ಲ. ಅಲ್ಲಿ ಒಟ್ಟು 25 ವರ್ಷ ಮಾಡಿದ ಇಂಥ ಕೆಲಸದ ಫಲವನ್ನು 1991ರಲ್ಲಿ ಪ್ರಕಟಿಸಿದಾಗ, ಅಕಾಲದಲ್ಲಿ ಸಾಯುವವರ ಪ್ರಮಾಣ ಪಕ್ಕದ ಅಂಥದ್ದೇ ಹಳ್ಳಿಗಿಂತ ಕಾಲು ಭಾಗಕ್ಕೂ ಜಾಸ್ತಿ ಕಡಿಮೆ ಇತ್ತು. ಇದೇ ಹಾರ್ಟ್ 1971ರಲ್ಲಿ ಒಂದು ನಿಯಮವನ್ನೂ ಹೇಳಿದ್ದರು: ಒಳ್ಳೆಯ ವೈದ್ಯ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಕಡಿಮೆ ಸಿಗುತ್ತದೆ. ಹಳ್ಳಿಗಳ ಮಟ್ಟಿಗೆ ಆ ಮಾತು ಹಳೆಯದಾಗಿಲ್ಲ.

ಕೈಕೆಲಸ, ಕಲಿಕೆ, ಸಂಪಾದನೆ

ಇಷ್ಟೆಲ್ಲ ಓದಿ ಹಳ್ಳಿ ಡಾಕ್ಟರೆಂದರೆ ಬರೀ ಕೂತು ಯೋಚಿಸುವವರು ಅಂದುಕೊಳ್ಳಬೇಡಿ. ಆಸ್ಪತ್ರೆ ದೂರವಾದಷ್ಟೂ ಕೈಕೆಲಸ ಜಾಸ್ತಿ. ಹೆರಿಗೆ, ಹೆರಿಗೆಯ ನಂತರ ನಿಲ್ಲದ ರಕ್ತಸ್ರಾವ, ಮುರಿದ ಮೂಳೆ ಕೂರಿಸುವುದು, ಇಸಿಜಿ ಓದಿ ಹೃದಯಾಘಾತಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದು, ಕೆಲವು ಕಡೆ ಅರಿವಳಿಕೆ ಕೊಡುವುದೂ. ಜೊತೆಗೆ ಕೊನೆಗಾಲದಲ್ಲಿರುವವರನ್ನು ಅವರ ಮನೆಯಲ್ಲೇ ನೋವಿಲ್ಲದೆ ನೋಡಿಕೊಳ್ಳುವುದು.

ಇದಕ್ಕೆ ಎಂಬಿಬಿಎಸ್‌ನಂಥ ಮೊದಲ ಪದವಿ ಸಾಲದು ಅನ್ನುವುದು ಹಲವು ದೇಶಗಳಿಗೆ ತಡವಾಗಿ ಹೊಳೆಯಿತು. ಅಮೆರಿಕದಲ್ಲಿ ಫ್ಯಾಮಿಲಿ ಮೆಡಿಸಿನ್ ಒಂದು ಸ್ಪೆಷಾಲಿಟಿ ಅಂತ ಒಪ್ಪಿಕೊಂಡದ್ದು 1969ರಲ್ಲಿ. ಪದವಿಯ ಮೇಲೆ ಅಲ್ಲಿ ಮೂರು ವರ್ಷ ತರಬೇತಿ. ಕೆನಡಾದಲ್ಲಿ ಎರಡು ವರ್ಷ, ಬೇಕಿದ್ದವರು ಅರಿವಳಿಕೆ ಅಥವಾ ತುರ್ತು ಚಿಕಿತ್ಸೆಗೆ ಇನ್ನೂ ಸ್ವಲ್ಪ ಕಾಲ ಸೇರಿಸಿಕೊಳ್ಳಬಹುದು. ಆಸ್ಟ್ರೇಲಿಯಾದಲ್ಲಿ ಹಳ್ಳಿ ಮತ್ತು ದೂರದ ಪ್ರದೇಶಗಳ ವೈದ್ಯಕ್ಕೆಂದೇ 1997ರಲ್ಲಿ ಪ್ರತ್ಯೇಕ ಕಾಲೇಜು ಹುಟ್ಟಿತು. ಹಾಗಾಗಿ ಆ ಮೊದಲ ಪ್ರಶ್ನೆಗೆ ಉತ್ತರ: ಹೌದು, ಅವರೂ ಸ್ಪೆಷಲಿಸ್ಟೇ. ಒಂದು ಅಂಗಕ್ಕೆ ಅಲ್ಲ, ಒಂದು ಊರಿಗೆ.

ಕಲಿತದ್ದು ಕೈಯಲ್ಲಿ ಉಳಿಯುವುದು ಇನ್ನೊಂದು ಕಷ್ಟ. ಎರಡು ವರ್ಷಕ್ಕೊಮ್ಮೆ ಬರುವ ಕಷ್ಟದ ಹೆರಿಗೆಗೆ ಕೈ ಪಳಗಿರುವುದು ಹೇಗೆ? ಅದಕ್ಕೇ ಬುದ್ಧಿವಂತರು ಆಗಾಗ ಒಂದೆರಡು ವಾರ ದೊಡ್ಡಾಸ್ಪತ್ರೆಗೆ ಹೋಗಿ ಕೈ ತಿದ್ದಿಕೊಂಡು ಬರುತ್ತಾರೆ. ಆ ಎರಡು ವಾರ ಊರನ್ನು ಯಾರು ನೋಡಬೇಕು ಅನ್ನುವುದಕ್ಕೆ ಮಾತ್ರ ಹೆಚ್ಚಿನ ಕಡೆ ಉತ್ತರ ಇಲ್ಲ.

ದುಡ್ಡಿನ ಬಗ್ಗೆ ಚುಟುಕಾಗಿ. ಫ್ಯಾಮಿಲಿ ಡಾಕ್ಟರಿಗೆ ಹಣ ಬರುವ ದಾರಿ ಮೂರು. ನೋಡಿದ ಪ್ರತಿ ರೋಗಿಗೆ ಫೀಸು, ಪಟ್ಟಿಯಲ್ಲಿರುವ ಪ್ರತಿ ತಲೆಗೆ ವರ್ಷಕ್ಕಿಷ್ಟು, ಅಥವಾ ತಿಂಗಳ ಸಂಬಳ. ಫೀಸು ಇದ್ದ ಕಡೆ ಪದೇ ಪದೇ ಬರಹೇಳುವ ಆಸೆ ಹುಟ್ಟುತ್ತದೆ. ತಲೆ ಲೆಕ್ಕ ಇದ್ದ ಕಡೆ ಬೇಗ ಬೇಗ ಸಾಗಹಾಕುವ ಆಸೆ. ಸಂಬಳದಲ್ಲಿ ಎರಡೂ ಇಲ್ಲ, ಆದರೆ ಒಬ್ಬರನ್ನು ಹೆಚ್ಚು ನೋಡಿದರೂ ಬಿಟ್ಟರೂ ಒಂದೇ. ಬಹಳ ದೇಶಗಳು ಮೂರನ್ನೂ ಬೆರೆಸುತ್ತವೆ. ನನ್ನ ಕೇಳಿದರೆ ಹಳ್ಳಿಗೆ ಬರೀ ಫೀಸಿನ ಪದ್ಧತಿ ಒಗ್ಗುವುದಿಲ್ಲ. ಬಿಪಿ ಪಟ್ಟಿ ಹಿಡಿದು ಬರದವರ ಮನೆಗೆ ಹೋಗುವ ಕೆಲಸಕ್ಕೆ ಫೀಸು ಕೊಡುವವರು ಯಾರು?

ಗುಟ್ಟು ಮತ್ತು ಒಂಟಿತನ

ಈ ಕಸುಬಿನಲ್ಲಿ ಸುಸ್ತು ಮಾಡುವುದು ರೋಗಗಳಲ್ಲ. ಗುಟ್ಟುಗಳು.

ಸಣ್ಣ ಊರಿನಲ್ಲಿ ಕ್ಲಿನಿಕ್ಕಿನ ಮುಂದೆ ಗಾಡಿ ನಿಂತರೇ ಸುದ್ದಿ. ಒಳಗೆ ಕೂತ ನರ್ಸು ರೋಗಿಯ ನಾದಿನಿ ಆಗಿರಬಹುದು. ಹಾಗಾಗಿ ಕೆಲವು ಪರೀಕ್ಷೆಗಳಿಗೆ ಜನ ದೂರದ ಊರಿಗೆ ಹೋಗುತ್ತಾರೆ. ಡಾಕ್ಟರು ಬೇಜಾರು ಮಾಡಿಕೊಳ್ಳಬಾರದು. ಇನ್ನು ಡಾಕ್ಟರ ತಲೆಯೊಳಗೆ ಏನೇನಿರುತ್ತದೆ ಯೋಚಿಸಿ. ಶಾಲೆ ಮಕ್ಕಳ ಬಸ್ಸು ಓಡಿಸುವವನಿಗೆ ಫಿಟ್ಸ್ ಇದೆ ಅಂತ ಅವನೇ ಬಂದು ಹೇಳಿಕೊಂಡಿದ್ದಾನೆ. ಅದೇ ಬಸ್ಸಲ್ಲಿ ಡಾಕ್ಟರ ಮಗಳೂ ಹೋಗುತ್ತಾಳೆ. ಗುಟ್ಟು ಕಾಯಬೇಕು, ಮಕ್ಕಳನ್ನೂ ಕಾಯಬೇಕು. ದಾರಿ ಇದೆ: ಮೊದಲು ಅವನೇ ಗಾಡಿ ಬಿಟ್ಟು ಮಾಲೀಕರಿಗೆ ಹೇಳುವಂತೆ ಒಪ್ಪಿಸುವುದು, ಒಪ್ಪದಿದ್ದರೆ ನಿನಗೆ ಹೇಳಿಯೇ ತಿಳಿಸಬೇಕಾದವರಿಗೆ ತಿಳಿಸುತ್ತೇನೆ ಅನ್ನುವುದು. ಕಾನೂನು ದೇಶಕ್ಕೊಂದು ಥರ ಇರುತ್ತದೆ. ಆದರೆ ಮರುದಿನ ಅವನ ಹೆಂಡತಿ ರಸ್ತೆಯಲ್ಲಿ ಎದುರಾದಾಗ ಮುಖ ಎತ್ತಿ ನೋಡುವುದನ್ನು ಯಾವ ಕಾನೂನೂ ಹೇಳಿಕೊಡುವುದಿಲ್ಲ.

ತಪ್ಪಾದರೂ ಹಾಗೆಯೇ. ಪಟ್ಟಣದಲ್ಲಿ ಒಂದು ಕಾಯಿಲೆ ಕೈತಪ್ಪಿದರೆ ಆ ರೋಗಿ ಬೇರೆ ಡಾಕ್ಟರ ಹತ್ತಿರ ಹೋಗುತ್ತಾನೆ, ಎಷ್ಟೋ ಸಲ ತಪ್ಪಾಯಿತು ಅನ್ನುವುದೂ ತಿಳಿಯುವುದಿಲ್ಲ. ಇಲ್ಲಿ ಅವನ ಮನೆಯವರು ದಿನಾ ಎದುರಿಗೆ ಸಿಗುತ್ತಾರೆ. ವಿಚಿತ್ರ ಅಂದರೆ ಬಿಚ್ಚಿ ಹೇಳಿದ ಡಾಕ್ಟರ ಹತ್ತಿರಕ್ಕೆ ಅವರು ಮತ್ತೆ ಬರುವುದೂ ಉಂಟು.

ಇದರ ಮೇಲೆ ಒಬ್ಬರೇ ಇದ್ದರೆ ದಿನಾ ರಾತ್ರಿ ಡ್ಯೂಟಿ. ನಾಲ್ಕು ಜನ ಇದ್ದರೆ ನಾಲ್ಕು ರಾತ್ರಿಗೊಂದು. ಬಹಳಷ್ಟು ಡಾಕ್ಟರುಗಳು ಹಳ್ಳಿ ಬಿಡುವುದು ಸಂಬಳಕ್ಕಲ್ಲ, ಈ ಭಾಗಾಕಾರಕ್ಕೆ. ಜೊತೆಗೆ ಗಂಡನಿಗೋ ಹೆಂಡತಿಗೋ ಕೆಲಸ ಇಲ್ಲ, ಮಕ್ಕಳಿಗೆ ಶಾಲೆ ದೂರ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೇಳಿದ ಪ್ರಕಾರ ಜಗತ್ತಿನ ಅರ್ಧದಷ್ಟು ಜನ ಹಳ್ಳಿಗಳಲ್ಲಿದ್ದರೆ, ಡಾಕ್ಟರುಗಳಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಜನ ಅಲ್ಲಿದ್ದಾರೆ. ಉಪಾಯಗಳಲ್ಲಿ ಗಟ್ಟಿಯಾಗಿ ನಿಂತಿರುವುದು ಹಳ್ಳಿಯಲ್ಲಿ ಬೆಳೆದ ಮಕ್ಕಳನ್ನೇ ಕಾಲೇಜಿಗೆ ಸೇರಿಸಿಕೊಂಡು, ಹಳ್ಳಿಯಲ್ಲೇ ತರಬೇತಿ ಕೊಡುವುದು. ಜಪಾನ್ 1972ರಲ್ಲಿ ಇದಕ್ಕೆಂದೇ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯ ಕಟ್ಟಿತು. ಓದಿಸುತ್ತಾರೆ, ಪದವಿ ಮುಗಿದ ಮೇಲೆ ಸುಮಾರು 9 ವರ್ಷ ತಮ್ಮ ಪ್ರಾಂತ್ಯಕ್ಕೆ ದುಡಿದರೆ ಫೀಸು ಕಟ್ಟಬೇಕಿಲ್ಲ.

ವೀಡಿಯೊ ಕರೆ ಬಂದಿದೆಯಲ್ಲ, ಇನ್ನೇನು ತೊಂದರೆ ಅನ್ನುವವರಿಗೆ ಒಂದು ಹಳೆ ಕಥೆ. ಆಸ್ಟ್ರೇಲಿಯಾದಲ್ಲಿ ವಿಮಾನದಲ್ಲಿ ಹೋಗುವ ಡಾಕ್ಟರ ಸೇವೆ 1928ರಲ್ಲಿ ಕ್ಲೋನ್‌ಕರಿ ಎಂಬ ಊರಿನಿಂದ ಶುರುವಾಯಿತು. ಒಂಟಿ ಮನೆಗಳಿಗೆ ಪೆಡಲ್ ತುಳಿದು ಓಡಿಸುವ ರೇಡಿಯೊ ಕೊಟ್ಟರು. ಆಮೇಲೆ ಮನೆಮನೆಗೆ ಔಷಧಿ ಪೆಟ್ಟಿಗೆ. ಅದರೊಳಗೆ ಪ್ರತಿ ಔಷಧಿಗೂ ಒಂದು ನಂಬರು. ನೂರಾರು ಕಿಲೋಮೀಟರ್ ಆಚೆಯಿಂದ ಡಾಕ್ಟರು ರೇಡಿಯೊದಲ್ಲಿ ಇಂಥ ನಂಬರಿನ ಮಾತ್ರೆ ಇಷ್ಟು ತಗೊಳ್ಳಿ ಅಂದರೆ ಸಾಕು. ದೂರದಿಂದ ವೈದ್ಯ ಮಾಡುವುದು ಹೊಸದಲ್ಲ, ಅದು ತುಂಬ ಜೀವ ಉಳಿಸಿದೆ. ಆದರೆ ಹುಡುಗನ ಹೊಟ್ಟೆಯ ಮೇಲೆ ಬೆಚ್ಚನೆ ಕೈ ಇಡಲು ಅಲ್ಲಿ ಯಾರಾದರೂ ಇರಲೇಬೇಕು. ಆಸ್ಟ್ರೇಲಿಯಾದವರೂ ಅದಕ್ಕೇ ವಿಮಾನ ಇಟ್ಟುಕೊಂಡಿದ್ದು.

ಮೂವತ್ತು ವರ್ಷ ಇದ್ದ ಡಾಕ್ಟರು ಒಂದು ದಿನ ನಿವೃತ್ತಿ ಆಗುತ್ತಾರೆ. ಅದೃಷ್ಟ ಇದ್ದರೆ ಆ ಕುರ್ಚಿಗೆ ಹೊಸಬರು ಸಿಗುತ್ತಾರೆ. ಫೈಲುಗಳನ್ನು ಒಪ್ಪಿಸುವುದು ಸುಲಭ, ಕಂಪ್ಯೂಟರಿನ ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು. ಆಮೇಲೆ ಇಬ್ಬರೂ ಊರಲ್ಲಿ ಒಂದು ಸುತ್ತು ನಡೆದು ಹೋಗುತ್ತಾರೆ. ಫೈಲಿನಲ್ಲಿ ಇಲ್ಲದ್ದು ಹೊರಬರುವುದು ಆಗ. ಈ ಮನೆಯಲ್ಲಿ ಸೊಸೆ ಒಬ್ಬಳೇ ಬಂದಾಗ ಮಾತ್ರ ನಿಜ ಹೇಳುತ್ತಾಳೆ. ಆ ತಿರುವಿನ ಮನೆಯವರು ಸಣ್ಣದಕ್ಕೂ ಓಡಿಬರುತ್ತಾರೆ, ಮೊದಲ ಮಗು ರಾತ್ರಿ ಜ್ವರದಲ್ಲೇ ಹೋಯಿತು, ಬೈಯಬೇಡಿ. ಮತ್ತೆ ಅಗೋ, ಬೇಲಿ ಹತ್ತಿರ ನಿಂತಿದ್ದಾರಲ್ಲ ಅಜ್ಜ, ಅವರು ಯಾವತ್ತಾದರೂ ಕ್ಲಿನಿಕ್ಕಿಗೆ ಬಂದು “ಏನಿಲ್ಲ ಡಾಕ್ಟ್ರೇ, ಸುಮ್ನೆ ಬಂದೆ” ಅಂದರೆ, ಕೂರಿಸಿ ಮೊದಲು ಇಸಿಜಿ ತೆಗೆಯಿರಿ.